ಆನಂದಕುಮಾರ ನೋಡದೆ ಹೋದ ಸೆರಗು

ಹಿಂದೂಪುರದ ಮುಕ್ಕಿಡಿಪೇಟೆಯಲ್ಲಿ ಯಾರ ಮನೆಯ ಮಗ್ಗದ ಪೆಟ್ಟಿಗೆ ಕೆಟ್ಟರೂ ಮೊದಲು ನಾಲಿಗೆಗೆ ಬರುವ ಹೆಸರು ಆನಂದಕುಮಾರನದು. ಪೆಟ್ಟಿಗೆ ಎಂದರೆ ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡು ಯಂತ್ರಕ್ಕೆ ಯಾವ ಎಳೆ ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುವ ಸಣ್ಣ ಕಂಪ್ಯೂಟರು. ಹಿಂದೆ ಈ ಕೆಲಸವನ್ನು ತೂತು ಹೊಡೆದ ರಟ್ಟುಗಳು ಮಾಡುತ್ತಿದ್ದವು. ರಟ್ಟಿಗೆ ಇಲಿಯ ಕಾಟವಿತ್ತು, ಪೆಟ್ಟಿಗೆಗೆ ಕರೆಂಟಿನ ಕಾಟ. ಕರೆಂಟು ಹೋಗಿ ಬಂದರೆ ಪೆಟ್ಟಿಗೆಗೆ ತಾನು ಎಷ್ಟನೆಯ ಸಾಲಿನಲ್ಲಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ನೇಯುವವರು ಅಂದಾಜಿನ ಮೇಲೆ ಲಾಳಿ ಹೊಡೆದರೆ ನವಿಲಿಗೆ ಎರಡು ಕತ್ತು ಬರುತ್ತಿತ್ತು, ಇಲ್ಲವೇ ಕತ್ತೇ ಇರುತ್ತಿರಲಿಲ್ಲ.

ಆನಂದಕುಮಾರ ಓದಿದ್ದು ಹತ್ತನೇ ಕ್ಲಾಸು, ಅದರಲ್ಲೂ ಇಂಗ್ಲಿಷು ಕೈಕೊಟ್ಟಿತ್ತು. ಮೊದಲು ಟೇಪ್ ರೆಕಾರ್ಡರ್ ರಿಪೇರಿ, ಆಮೇಲೆ ಟಿ.ವಿ., ಆಮೇಲೆ ಮಗ್ಗದ ಪೆಟ್ಟಿಗೆ. ಒಂದು ಸಾಮಾನು ಬಿಚ್ಚಿದರೆ ಅದರ ಹುಟ್ಟು ಗೋತ್ರ ತಿಳಿಯುವ ತನಕ ಮುಚ್ಚುವ ಆಸಾಮಿಯಲ್ಲ. ಪೆಟ್ಟಿಗೆಯ ಒಳಗೆ ಕರ್ನಲ್ ಎಂಬುದೊಂದು ಇದೆ, ಉಳಿದ ಪ್ರೋಗ್ರಾಮುಗಳಿಗೆಲ್ಲ ಅದೇ ಯಜಮಾನ, ಅದರ ಬರಹ ಯಾರು ಬೇಕಾದರೂ ಓದಬಹುದು ಎಂದು ತಿಳಿದ ದಿನ, ಹಸಿದವನಿಗೆ ಮದುವೆ ಮನೆ ಸಿಕ್ಕ ಹಾಗಾಯಿತು ಅವನಿಗೆ. ಅರ್ಥವಾಗದ ಮಾತನ್ನು ಗೋಡೆಗೆ ಅಂಟಿಸಿಕೊಂಡು, ದಿನವೂ ಅದರ ಮುಖ ನೋಡುತ್ತಾ, ಒಂದು ದಿನ ಅದೇ ಬಾಯಿ ಬಿಡುವ ತನಕ ಕಾಯುತ್ತಿದ್ದ.

ಅವನ ಹೆಂಡತಿ ಪ್ರಮೀಳಾ. ಹೆಂಡತಿಯಾಗುವ ಮೊದಲು ಅಕ್ಕನ ಮಗಳು. ಅಕ್ಕ ಬನಶಂಕರಮ್ಮ ಇರುವುದು ಕಲ್ಯಾಣದುರ್ಗದಲ್ಲಿ. ತಾಯಿ ಇಲ್ಲದ ತಮ್ಮನನ್ನು ಗಂಡನ ಮನೆಗೆ ಕರೆದುಕೊಂಡು ಹೋಗಿ, ಅನ್ನ ಇಟ್ಟು ಸಾಕಿದವಳು ಆಕೆ. ಆ ಮನೆಯಲ್ಲಿ ಪ್ರಮೀಳಾಳ ತೊಟ್ಟಿಲು ತೂಗಿದವನೇ ಮುಂದೆ ತಾಳಿಯನ್ನೂ ಕಟ್ಟಿದ. ಹಾಗಾಗಿ ಪ್ರಮೀಳಾ ಅವನನ್ನು ಕಡೆಯವರೆಗೂ ಕರೆದದ್ದು ‘ಮಾವ’ ಎಂದೇ. ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, “ಒಂದು ಸಾಕ್ತಾ ಇದೀನಲ್ಲ, ಐವತ್ತು ದಾಟಿದ್ರೂ ಇನ್ನೂ ಗೋಡೆ ಮೇಲೆ ಬರೀತೈತೆ” ಎಂದು ಗಂಡನ ಕಡೆ ಬೊಟ್ಟು ಮಾಡುತ್ತಿದ್ದಳು.

ಅವಳ ಕೈಯಲ್ಲಿ ನಕ್ಷೆ ಬರೆಯುವ ಕಲೆ ಇತ್ತು. ಅಪ್ಪನಿಂದ ಬಂದದ್ದು. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತಾ ಅಂಚು, ಬುಟ್ಟಾ, ಸೆರಗು ಎಲ್ಲವನ್ನೂ ಬರೆಯುತ್ತಿದ್ದಳು. ಕಂಪ್ಯೂಟರು ಬಂದ ಮೇಲೆ ಅದರಲ್ಲೂ ಕೈ ಪಳಗಿತು. ಆದರೆ ‘ಸೇವ್’ ಮಾಡುವುದೆಂದರೆ ಅವಳಿಗೆ ಆಗದು. ಬರೆಯುವ ಹೊತ್ತಿನಲ್ಲಿ ಅವಳಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ಅರ್ಧ ದಿನದ ಕೆಲಸ ಮುಗಿದಿರುವಾಗ ಕರೆಂಟು ಪಟ್ಟನೆ ಹೋಗುವುದು, ಪರದೆ ಕಪ್ಪಾಗುವುದು, ಅವಳು ತಲೆಗೆ ಕೈ ಹೊತ್ತು ಕೂರುವುದು.

“ಮಾವ, ಊರವರ ಪೆಟ್ಟಿಗೆ ಎಲ್ಲಾ ರಿಪೇರಿ ಮಾಡ್ತೀಯ. ನಿನ್ನ ಹೆಂಡ್ತಿ ಬರೆದಿದ್ದನ್ನ ಉಳಿಸ್ಕೊಳ್ಳೋ ಪೆಟ್ಟಿಗೆ ಒಂದು ಮಾಡಿಕೊಡೋ ಯೋಗ್ಯತೆ ಇಲ್ವಾ ನಿಂಗೆ?”

ಈ ಮಾತು ಅವನಿಗೆ ನಾಟಿತು.

ಬೆಂಗಳೂರಿನ ಗುಜರಿಯಲ್ಲಿ ಹಳೆಯ ದೊಡ್ಡ ಕಂಪ್ಯೂಟರುಗಳ ಹೊಟ್ಟೆ ಸೀಳಿ ಮಾರುವ ಅಂಗಡಿಯಿಂದ ಒಂದು ಮೆಮೊರಿ ಕಾರ್ಡು ತಂದು, ತಮ್ಮ ಮನೆಯ ಮಗ್ಗದ ಪೆಟ್ಟಿಗೆಯೊಳಗೆ ಕೂರಿಸಿ, ಪ್ರಮೀಳಾ ಬರೆಯುವ ಪರದೆಯನ್ನೂ ಅದಕ್ಕೇ ಜೋಡಿಸಿದ. ಮಾಮೂಲಿ ಮೆಮೊರಿ ಕರೆಂಟು ಇದ್ದಾಗ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಇದರ ಬೆನ್ನಿಗೆ ಒಂದು ಬ್ಯಾಟರಿ ಇತ್ತು, ಕರೆಂಟು ಹೋದರೂ ಬರೆದದ್ದು ಬರೆದಲ್ಲೇ ಇರುತ್ತಿತ್ತು. ಕಾರ್ಡು ಸಿಕ್ಕಿದ್ದು ಸುಲಭ. ಅದರ ಪರಿಚಯ ಕರ್ನಲ್‌ಗೆ ಮಾಡಿಸುವುದು ಕಷ್ಟ. ಕರ್ನಲ್ ಎಂಬುದು ಮೈಗಳ್ಳತನ ಗೊತ್ತಿಲ್ಲದ ಸೊಸೆ ಇದ್ದ ಹಾಗೆ. ಎದ್ದ ಕೂಡಲೇ ಪೊರಕೆ ಹಿಡಿದು, ಮೆಮೊರಿ ಇರುವ ಜಾಗವೆಲ್ಲ ತನ್ನದೇ ಎಂದು ಗುಡಿಸಿಬಿಡುತ್ತದೆ. ಈ ಮೂಲೆ ದೇವರ ಮನೆ ಕಣಮ್ಮ, ಇಲ್ಲಿ ನಿನ್ನೆ ಇಟ್ಟಿದ್ದು ಇವತ್ತೂ ಇರಬೇಕು, ಪೊರಕೆ ಆಡಿಸಬೇಡ ಎಂದು ಅದಕ್ಕೆ ತಿಳಿಹೇಳಬೇಕಿತ್ತು. ಹಾಗೆ ತಿಳಿಹೇಳುವ ಬರಹಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯಲು ಆನಂದಕುಮಾರನಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಹಿಡಿಯಿತು.

ಬರೆದ ಮೇಲೂ ಒಂದು ಕೊಕ್ಕೆ ಉಳಿದಿತ್ತು. ಕರೆಂಟು ಹೋಗಿ ಬಂದಾಗ ಕಡೆಯ ಒಂದೆರಡು ಸಾಲು ಮಾತ್ರ ಮಾಯವಾಗುತ್ತಿದ್ದವು. ಹುಡುಕಿ ಹುಡುಕಿ ಕಾರಣ ತಿಳಿಯಿತು. ಬರೆದಾಯಿತು ಎಂದು ಹೇಳಿದ ಮೇಲೂ ಪ್ರೊಸೆಸರು ಅದನ್ನು ಸ್ವಲ್ಪ ಹೊತ್ತು ತನ್ನ ಕೈಯಲ್ಲೇ ಇಟ್ಟುಕೊಂಡಿರುತ್ತದೆ. ಕೇಳಿದರೆ ತೋರಿಸುತ್ತದೆ, ಆದರೆ ಕಾರ್ಡಿನಲ್ಲಿ ಇಳಿಸಿರುವುದಿಲ್ಲ. ಕೆಳಗೆ ಇಡು ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳಬೇಕು. ಇದನ್ನು ಹೆಂಡತಿಗೆ ವಿವರಿಸಿದರೆ ಅವಳು ಬಿದ್ದು ಬಿದ್ದು ನಕ್ಕಳು.

“ಅಯ್ಯೋ, ನಿನ್ನ ಕರ್ನಲ್ಲು ನಮ್ಮಮ್ಮನ ತರಾನೇ! ಬೀಗದ ಕೈ ಸೆರಗಿಗೆ ಕಟ್ಕೊಂಡು ಮನೆಯೆಲ್ಲಾ ಹುಡುಕ್ತಾಳಲ್ಲ, ಹಂಗೆ.”

ಅದೂ ಸರಿಹೋದ ದಿನ ಅವಳನ್ನು ಕೂರಿಸಿ ತೋರಿಸಿದ. ಅವಳು ಪರದೆಯ ಮೂಲೆ ಮೂಲೆ ಹುಡುಕಿದಳು.

“ಸೇವ್ ಬಟನ್ ಎಲ್ಲೈತೆ ಮಾವ?”

“ಇಲ್ಲ.”

“ಇಲ್ಲ ಅಂದ್ರೆ?”

“ಬೇಕಿಲ್ಲ ಕಣೇ. ನೀನು ಬರೆದಿದ್ದು ಬರೆದಲ್ಲೇ ಇರ್ತೈತೆ. ಕರೆಂಟ್ ಹೋದ್ರೂ ಇರ್ತೈತೆ.”

“ನೀನು ಹೋದ್ರೆ?”

“ನಾನ್ ಹೋದ್ರೂ ಇರ್ತೈತೆ. ಇನ್ನೊಬ್ಬನ್ನ ಕಟ್ಕೊಂಡು ಆರಾಮಾಗಿ ನೇಯ್ಕೋ.”

“ಥೂ, ನಿನ್ನ ನಾಲ್ಗೆಗೆ ಬರೆ ಹಾಕ!” ಎಂದು ಬೆನ್ನಿಗೊಂದು ಗುದ್ದಿದಳು. ಆಮೇಲೆ ಒಂದು ಹೂವು ಬರೆದಳು. ಅವನು ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದ. ಹೂವು ಇದ್ದಲ್ಲೇ ಇತ್ತು. ಅವಳು ಒಳಗೆ ಹೋಗಿ ಅವನಿಗೆ ಇಷ್ಟವೆಂದು ಒಬ್ಬಟ್ಟಿಗೆ ಬೇಳೆ ಇಟ್ಟಳು. ಆನಂದಕುಮಾರನಿಗೆ ಜೀವಮಾನದಲ್ಲಿ ಸಿಕ್ಕ ಬಿರುದು ಅದೊಂದೇ, ಅದಕ್ಕಿಂತ ದೊಡ್ಡದನ್ನು ಅವನು ಕೇಳಿಯೂ ಇರಲಿಲ್ಲ.

ತನ್ನ ಡ್ರೈವರನ್ನು ಅವನು ಕರ್ನಲ್ ನೋಡಿಕೊಳ್ಳುವ ದೊಡ್ಡವರಿಗೂ ಇ-ಮೇಲಿನಲ್ಲಿ ಕಳಿಸಿದ್ದ. ಯಾವ ದೇಶದವನೋ ಏನೋ, ಒಬ್ಬ ನಯವಾಗಿಯೇ ಕೇಳಿದ: ಕೆಲಸ ಚೆನ್ನಾಗಿದೆ, ಆದರೆ ಬ್ಯಾಟರಿ ಬತ್ತಿದರೆ ಕರ್ನಲ್‌ಗೆ ತಿಳಿಯುವುದು ಹೇಗೆ? ಕೆಟ್ಟುಹೋದ ನೆನಪನ್ನು ಅದು ಒಳ್ಳೆಯದೆಂದು ನಂಬಿಬಿಡುವುದಿಲ್ಲವೇ? ಆನಂದಕುಮಾರನಿಗೆ ಇದು ಮೊಸರಲ್ಲಿ ಕಲ್ಲು ಹುಡುಕಿದಂತೆ ಕಂಡಿತು. ನಮ್ಮೂರಲ್ಲಿ ಕರೆಂಟು ದಿನಗಟ್ಟಲೆ ಹೋಗುವುದಿಲ್ಲ, ಬ್ಯಾಟರಿ ಬತ್ತುವ ಮಾತೇ ಇಲ್ಲ ಎಂದು ಉತ್ತರ ಬರೆದು ಸುಮ್ಮನಾದ.

ಕಳೆದ ಮಾಘದಲ್ಲಿ ಪ್ರಮೀಳಾ ಅಮ್ಮನಿಗೆಂದು ಒಂದು ಸೀರೆ ಹೂಡಿದಳು. ಬದನೆ ಹೂವಿನ ಬಣ್ಣದ ಒಡಲು, ಅರಿಶಿನದ ಅಂಚು. ಗಿರಾಕಿಗಳ ಸೀರೆ ಮುಗಿಸಿ ಮಿಕ್ಕ ಹೊತ್ತಿನಲ್ಲಿ ತಾನೇ ಕೂತು ನೇಯುತ್ತಿದ್ದಳು. ಒಡಲು ಮುಗಿಯುತ್ತಾ ಬಂದ ಹಾಗೆ ಸೆರಗಿನ ನಕ್ಷೆ ಬರೆಯಲು ಶುರುಮಾಡಿದಳು. ಅದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ನೇಯದ ಸೆರಗಿನ ಮೇಲೆ ಇನ್ನೊಬ್ಬರ ಕಣ್ಣು ಬಿದ್ದರೆ ಎಳೆ ನಿಲ್ಲುವುದಿಲ್ಲ ಎಂಬುದು ಅವಳ ಅಪ್ಪನ ಕಾಲದಿಂದ ಬಂದ ನಂಬಿಕೆ. ಎದ್ದು ಹೋಗುವಾಗ ಪರದೆಯ ಮೇಲೆ ಟವಲು ಹೊದಿಸಿ ಹೋಗುತ್ತಿದ್ದಳು. ಮುಗಿದ ನಕ್ಷೆಗಳನ್ನು ಆನಂದಕುಮಾರ ತನ್ನ ಕಂಪ್ಯೂಟರಿಗೆ ನಕಲು ಮಾಡಿಡುತ್ತಿದ್ದ. ಇದಕ್ಕೆ ಕೈಹಾಕಲು ಹೋದರೆ, “ಮುಟ್ಟಿದ್ರೆ ನೋಡು ಮಾವ! ನೇಯ್ದ ಮೇಲೆ ಎಲ್ರ ಜೊತೆ ನೀನೂ ನೋಡು” ಎಂದು ಗದರಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬರೆದದ್ದು ಹೇಗೂ ಬರೆದಲ್ಲೇ ಇರುತ್ತದಲ್ಲ.

ಒಂದು ದಿನ ನಕ್ಷೆ ಮುಗಿಯಿತೆಂದು ಕೈ ನೆಟಿಗೆ ಮುರಿದು ಎದ್ದಳು. “ಅಮ್ಮನ ಮಂಡಿ ನೋವು ಜಾಸ್ತಿ ಆಗೈತಂತೆ, ನೋಡ್ಕೊಂಡು ಬತ್ತೀನಿ. ಬಂದ ಮೇಲೆ ಸೆರಗು ಹಿಡೀತೀನಿ” ಎಂದು ಪಾವಗಡದ ಮೇಲೆ ಹೋಗುವ ಬಸ್ಸು ಹತ್ತಿದಳು.

ಹೋದವಳು ಬರಲಿಲ್ಲ. ಕಲ್ಯಾಣದುರ್ಗದಲ್ಲಿ ಅಮ್ಮನ ಮನೆಯ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆನಂದಕುಮಾರ ಬಂದು ಸೇರಿದಾಗ ಅಕ್ಕ ಬಾಗಿಲಲ್ಲೇ ಕೂತಿದ್ದಳು. ತಮ್ಮನ ಮುಖ ನೋಡಿ, “ನನ್ನ ಮನೆಗೆ ಕಳಿಸಿದ್ಯಲ್ಲಪ್ಪ, ನಾನು ಕಾಯ್ಲಿಲ್ಲ” ಎಂದಳು, ಅಷ್ಟೇ.

ದಹನವಾದದ್ದು ಹುಟ್ಟಿದೂರಲ್ಲೇ. ಪ್ರಮೀಳಾಳ ದೊಡ್ಡಪ್ಪ ಶಂಕರಯ್ಯ ಆ ಮನೆತನಕ್ಕೆ ಹಿರಿಯ. ಕರ್ಮ ಹಿಡಿದವನು ಸೂತಕ ಕಳೆಯುವ ತನಕ ಊರ ಗಡಿ ದಾಟಬಾರದು ಎಂದು ಆತ ಹೇಳಿದ. ಆನಂದಕುಮಾರನಿಗೂ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಬೆಂಕಿ ಇಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದ ಬೇವಿನ ಮರದ ಕೆಳಗೆ ಕೂತೇ ಇದ್ದ.

ಹಾಗೆ ಕೂತಿರುವಾಗ ಹಿಂದೂಪುರದಿಂದ ಗಂಗರಾಜುವಿನ ಫೋನು ಬಂತು. ಗಂಗರಾಜು ಪಕ್ಕದ ಮನೆಯವನು, ನೇಕಾರ, ತಮ್ಮನಂತೆ ಒದಗುವವನು.

“ಅಣ್ಣಾ, ಮನೆ ಕಡೆ ಯೋಚ್ನೆ ಮಾಡ್ಬೇಡ. ಸುದ್ದಿ ತಿಳಿದ ಕೂಡ್ಲೇ ನಾವೆಲ್ಲಾ ಸೇರಿ ಮಗ್ಗ ಮಲಗ್ಸಿದೀವಿ. ಹಾಸು ಸಡಿಲ ಬಿಟ್ಟು ಬಿಳೀ ಬಟ್ಟೆ ಹೊದ್ಸಿದೀವಿ. ಕರೆಂಟ್ ಮೀಟ್ರತ್ರಾನೇ ತೆಗ್ದ್ಬುಟ್ಟಿದೀನಿ.”

ನೇಯುವವರು ಸತ್ತರೆ ಅವರ ಮಗ್ಗಕ್ಕೂ ಸೂತಕ. ಅದನ್ನು ಮಲಗಿಸಬೇಕು, ಅದರ ಮೇಲೆ ದೀಪ ಹತ್ತಿಸಬಾರದು. ಹಿಂದೆ ಎಣ್ಣೆ ದೀಪ ತೆಗೆಯುತ್ತಿದ್ದರು, ಈಗ ಕರೆಂಟು ತೆಗೆಯುತ್ತಾರೆ. ಗಂಗರಾಜು ಮಾಡಿದ್ದು ಪ್ರೀತಿಯಿಂದ, ಪದ್ಧತಿಯಂತೆ. ಆದರೆ ಆನಂದಕುಮಾರ ಕೂತಲ್ಲಿಂದ ಎದ್ದು ನಿಂತ. ಆವರೆಗೂ ಅವನಿಗೆ ಪೆಟ್ಟಿಗೆಯ ನೆನಪೇ ಇರಲಿಲ್ಲ. ಆ ಕಾರ್ಡಿನ ಬ್ಯಾಟರಿ ಹೊಸದಾಗಿದ್ದಾಗಲೇ ವಾರ ತಡೆಯುವಂಥದು. ಅದು ಹೊಸದಲ್ಲ.

“ಗಂಗರಾಜು, ಕರೆಂಟ್ ಒಂದು ಹಾಕ್ಬುಡಪ್ಪ. ಮಗ್ಗ ಮುಟ್ಬೇಡ. ಪೆಟ್ಟಿಗೆಗೆ ಕರೆಂಟ್ ಇದ್ರೆ ಸಾಕು.”

“ಅಣ್ಣಾ, ಸೂತ್ಕದ ಮನೇಲಿ ಮಗ್ಗದ ದೀಪ ಹತ್ಸೋದಾ? ನಂಗೆ ಕೈ ಬರಲ್ಲ. ಅಲ್ಲಿ ದೊಡ್ಡೋರನ್ನ ಒಂದು ಮಾತು ಕೇಳ್ಬುಡು. ಅವರು ಹೂಂ ಅಂದ್ರೆ ಈಗ್ಲೇ ಹೋಯ್ತೀನಿ.”

ಆನಂದಕುಮಾರ ಫೋನು ಹಿಡಿದುಕೊಂಡೇ ಶಂಕರಯ್ಯನ ಕಡೆ ತಿರುಗಿದ. ಮಾತಾಡಿಸಲು ಬಂದ ನಾಲ್ಕಾರು ಜನ ಸುತ್ತ ಕೂತಿದ್ದರು.

“ಭಾವ, ಮನೇಲಿ ಕರೆಂಟ್ ತೆಗ್ದಿದಾರಂತೆ. ಪೆಟ್ಟಿಗೆಗೆ ಒಂದು ಹಾಕಿಸ್ಬೇಕಿತ್ತು.”

“ಯಾವ ಪೆಟ್ಟಿಗೆ?”

“ಮಗ್ಗದ ಪೆಟ್ಟಿಗೆ.”

ಕಂಬಕ್ಕೆ ಒರಗಿ ಕೂತಿದ್ದ ಸುರೇಂದ್ರ ಎಂಬ ನೆಂಟ ಪಕ್ಕದವನ ಕಿವಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ ಅಂದ: “ಚೂಡು, ನೋಡಿಲ್ಲಿ, ಹೆಂಡ್ತಿ ಬೂದಿ ಇನ್ನೂ ಆರಿಲ್ಲ, ಇವನಿಗೆ ಮಿಷನ್ ಚಿಂತೆ.”

ಯಾರೋ ಕೆಮ್ಮಿದರು. ಶಂಕರಯ್ಯ ಸುರೇಂದ್ರನ ಕಡೆ ಕಣ್ಣು ಕೆಕ್ಕರಿಸಿ ನೋಡಿ, ಆಮೇಲೆ ಆನಂದಕುಮಾರನ ಭುಜ ಮುಟ್ಟಿದ. “ಮಿಷನ್ ಎಲ್ಲಿಗೂ ಓಡೋಗಲ್ಲ ಕಣಪ್ಪ. ಅದೂ ಅವಳ ಜೊತೆ ದುಡಿದದ್ದೇ ಅಲ್ವಾ. ಮಲಿಕ್ಕೊಳ್ಳಿ ಬಿಡು.”

ಒಂದು ಮಾತು ಆನಂದಕುಮಾರನ ನಾಲಿಗೆಯ ತುದಿಗೆ ಬಂದಿತ್ತು. ಅದರೊಳಗೆ ಪ್ರಮೀಳಾ ಬರೆದಿದ್ದು ಐತೆ ಭಾವ. ಅಷ್ಟೇ ಮಾತು. ಅದನ್ನು ಹೇಳಿದರೆ ಅಲ್ಲೇ ಗೋಳೋ ಎಂದು ಅತ್ತುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಎಲ್ಲರೂ ತನ್ನ ಬಾಯನ್ನೇ ನೋಡುತ್ತಿದ್ದರು. ಬೂದಿಯ ಮಾತು ಕೆನ್ನೆಗೆ ಹೊಡೆದಂತೆ ಉರಿಯುತ್ತಿತ್ತು. ತನ್ನ ಕೈಕೆಲಸದ ಮೇಲಿನ ಹಮ್ಮು ಬೇರೆ ಒಳಗಿನಿಂದ ಪಿಸುಗುಟ್ಟಿತು: ತಡೆಯುತ್ತದೆ, ಬ್ಯಾಟರಿ ತಡೆಯುತ್ತದೆ, ಯಾರು ಕೂರಿಸಿದ್ದು ಅದನ್ನ?

“ಬೇಡ ಬಿಡು ಗಂಗರಾಜು” ಎಂದು ಫೋನು ಇಟ್ಟ.

ಆಮೇಲಿನ ದಿನಗಳಲ್ಲಿ ಆ ಮಾತು ಎಷ್ಟೋ ಸಲ ಗಂಟಲಿಗೆ ಬಂದು ಹಿಂದಕ್ಕೆ ಹೋಯಿತು. ಎಡೆ ಇಡುವಾಗ ಬಂತು, ಎಳ್ಳು ನೀರು ಬಿಡುವಾಗ ಬಂತು. ಒಂದು ಸಲ ಬೇಡ ಅಂದವನು ಮತ್ತೆ ಹೇಗೆ ಕೇಳುವುದು? ಅಕ್ಕ ಒಂದು ದಿನ ತಾನಾಗಿಯೇ ಸೆರಗಿನ ಮಾತೆತ್ತಿದಳು.

“ಹೋದ ತಿಂಗಳು ಫೋನಲ್ಲಿ ಕೇಳಿದ್ಲು ಕಣೋ. ನಮ್ಮ ಹಳೇ ಮನೆ ಹೊಸ್ತಿಲಿಗೆ ನೀನು ಯಾವ ರಂಗೋಲಿ ಬಿಡ್ತಿದ್ದೆ ಹೇಳು, ಬಳ್ಳಿ ಎಡಕ್ಕೆ ಹೋಗ್ತಿತ್ತಾ ಬಲಕ್ಕಾ ಅಂತ. ಬಲಕ್ಕೆ ಹೋಗಿ, ಅಲ್ಲಿ ಒಂದು ಸುತ್ತು ಸುತ್ತಿ ಬತ್ತಿತ್ತು ಅಂದೆ. ಸೆರಗಿಗೆ ಹಾಕಿದಾಳೇನೋ. ನೀನು ನೋಡಿದ್ಯಾ?”

“ಇಲ್ಲಕ್ಕ. ಊರಿಗೆ ಹೋದ ಮೇಲೆ ನೋಡ್ಬೇಕು.”

“ನೇಯ್ದು ತಗಂಬಾರಪ್ಪ. ಅದೊಂದು ಐತಲ್ಲ ನಂಗೆ.”

ಸೂತಕ ಕಳೆದ ದಿನ ಊಟಕ್ಕೂ ಕೂರದೆ ಬಸ್ಸು ಹತ್ತಿದ. ಗಂಗರಾಜು ಬಾಗಿಲಲ್ಲೇ ಕಾದಿದ್ದ. ಇಬ್ಬರೂ ಸೇರಿ ಮಗ್ಗದ ಮೇಲಿನ ಬಿಳೀ ಬಟ್ಟೆ ತೆಗೆದರು. ಮೀಟರಿನ ಹತ್ತಿರ ಫ್ಯೂಸು ಹಾಕಿದ ಕೂಡಲೇ ಪೆಟ್ಟಿಗೆಯ ದೀಪ ಬಂತು, ಫ್ಯಾನು ತಿರುಗಿತು. ಪರದೆಯ ಮೇಲೆ ಇನ್ನೂ ಪ್ರಮೀಳಾಳ ಟವಲು ಇತ್ತು. ಆನಂದಕುಮಾರ ಅದನ್ನು ತೆಗೆದು ಹೆಗಲಿಗೆ ಹಾಕಿಕೊಂಡ.

ಪರದೆಯ ಮೇಲೆ ನಕ್ಷೆ ಇರಲಿಲ್ಲ. ಖಾಲಿಯೂ ಇರಲಿಲ್ಲ. ಯಾರೋ ಹಿಡಿ ಹಿಡಿಯಾಗಿ ಎಳ್ಳು ಎರಚಿದಂತೆ ಮೂಲೆಯಿಂದ ಮೂಲೆಗೆ ಚುಕ್ಕಿ, ಚುಕ್ಕಿ, ಚುಕ್ಕಿ. ಅವನು ಬರೆದ ಡ್ರೈವರು ಆ ಎಳ್ಳಿನ ರಾಶಿಯನ್ನೇ ಪ್ರಮೀಳಾಳ ಸೆರಗು ಎಂದು ನಂಬಿ, ಏನೂ ಆಗಿಲ್ಲವೆಂಬಂತೆ ತೋರಿಸುತ್ತಿತ್ತು.

“ಇದೇನಣ್ಣಾ ಈ ತರ ಡಿಸೈನು?” ಎಂದ ಗಂಗರಾಜು.

“ಇದು ಡಿಸೈನಲ್ಲ ಕಣೋ.”

“ಮತ್ತೆ?”

ಆನಂದಕುಮಾರ ಪೆಟ್ಟಿಗೆ ಆರಿಸಿ ಹಾಕಿದ. ಕಾರ್ಡು ಕಿತ್ತು ಒರೆಸಿ ಕೂರಿಸಿದ. ಆ ಮೆಮೊರಿಯ ಒಂದೊಂದು ಗೂಡನ್ನೂ ಕೈಯಿಂದಲೇ ತೆರೆದು ನೋಡುವಂಥ ಪ್ರೋಗ್ರಾಮು ಬರೆದು ತಡಕಾಡಿದ. ಬತ್ತಿದ ಬಾವಿಗೆ ಹಗ್ಗ ಉದ್ದ ಮಾಡಿದರೆ ಕೊಡ ತುಂಬುತ್ತದೆಯೇ? ಗಂಗರಾಜುವಿಗೆ ನಿಧಾನವಾಗಿ ವಿಷಯ ತಿಳಿಯಿತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು, ದೊಡ್ಡ ಗಂಡಸು, ಹೆಗಲ ಮೇಲಿನ ಪಂಚೆಯಲ್ಲಿ ಮುಖ ಮುಚ್ಚಿಕೊಂಡ.

“ನನ್ನ ಕೈಯಾರ ತೆಗ್ದೆ ಅಣ್ಣಾ.”

“ನೀನು ತೆಗ್ದೆ. ಹಾಕ್ಬೇಡ ಅಂದಿದ್ದು ನಾನು.”

ಅಕ್ಕನಿಗೆ ಏನು ಹೇಳುವುದು? ಅವಳು ಎರಡು ದಿನಕ್ಕೊಮ್ಮೆ ಫೋನು ಮಾಡಿ, ಸೆರಗು ಹಿಡಿದ್ಯಾ ಎನ್ನುತ್ತಿದ್ದಳು. ಹಿಡೀತೀನಿ ಅಕ್ಕ ಎನ್ನುತ್ತಿದ್ದ. ಕಡೆಗೆ ಮನುಷ್ಯನಿಗೆ ಬರುವ ಯೋಚನೆಯೇ ಅವನಿಗೂ ಬಂತು. ಹೊಸ್ತಿಲ ರಂಗೋಲಿ, ಬಲಕ್ಕೆ ಹೋಗಿ ಒಂದು ಸುತ್ತು ಸುತ್ತುವ ಬಳ್ಳಿ. ತನಗೂ ನಕ್ಷೆ ಬರೆಯಲು ಬರುತ್ತದೆ. ತಾನೇ ಬರೆದು, ನೇಯ್ದು, ಇದು ನಿನ್ನ ಮಗಳು ಬರೆದದ್ದು ಎಂದರೆ ಅಕ್ಕ ಬೇಡವೆನ್ನುತ್ತಾಳೆಯೇ? ಕಣ್ಣಿಗೆ ಒತ್ತಿಕೊಳ್ಳುತ್ತಾಳೆ.

ಕೂತು ಬರೆದ. ನೋಡಲು ಚೆನ್ನಾಗಿಯೇ ಬಂತು. ಗಂಗರಾಜು ಲಾಳಿ ಹೊಡೆದ. ಬೆರಳಗಲ ನೇಯ್ದಾಯಿತು. ಬಳ್ಳಿಯ ಮೊದಲ ಎಲೆ ಅರಿಶಿನದ ಎಳೆಯಲ್ಲಿ ಮೂಡಿ ಬಂತು.

ಅದೇ ದಿನಗಳಲ್ಲಿ ಇನ್ನೊಂದು ಕೆಲಸವನ್ನೂ ಹಿಡಿದಿದ್ದ. ಆ ಪರದೇಶದವನು ಕೇಳಿದ್ದ ಪ್ರಶ್ನೆ ಎದೆಯಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು. ಅದಕ್ಕೆ ಉತ್ತರವನ್ನು ಈಗ ಕರ್ನಲ್ಲಿನಲ್ಲೇ ಬರೆಯುತ್ತಿದ್ದ. ಎದ್ದ ಕೂಡಲೇ ಮೊದಲು ಬ್ಯಾಟರಿಯನ್ನು ಕೇಳು. ನಡುವೆ ಒಂದು ಗಳಿಗೆಯಾದರೂ ಅದು ಬತ್ತಿದ್ದರೆ, ಆ ಮೆಮೊರಿಯಲ್ಲಿ ಇರುವುದನ್ನು ಯಾರ ಕೈಗೂ ಕೊಡಬೇಡ. ಹೋಗಿದೆ ಎಂದು ಹೇಳು. ಇಲ್ಲದ್ದನ್ನು ಇದೆ ಎಂದು ಕೊಡಬೇಡ. ಆ ಸಾಲುಗಳನ್ನು ಬರೆದು, ತಿದ್ದಿ, ಸರಿಯಿದೆಯೇ ಎಂದು ಮತ್ತೆ ಓದುವಾಗ ಅವನ ಕಣ್ಣು ಮಗ್ಗದ ಮೇಲಿನ ಎಲೆಯ ಕಡೆ ಹೋಯಿತು. ಅದು ಚೆಂದದ ಎಲೆ. ಅವಳದಲ್ಲ. ಅವಳು ಎಲೆಗೆ ಎಂದೂ ಹಾಗೆ ತೊಟ್ಟು ಬರೆದವಳಲ್ಲ. ಅವಳು ಹೇಗೆ ಬರೆಯುತ್ತಿದ್ದಳು? ಈ ಸಲ ಹೇಗೆ ಬರೆದಿದ್ದಳು? ಆ ಪ್ರಶ್ನೆಗೆ ಭೂಮಿಯ ಮೇಲೆ ಉತ್ತರವೇ ಇರಲಿಲ್ಲ. ತನ್ನ ಎಲೆ ಅಲ್ಲಿ ನಿಂತರೆ, ನಾಳೆ ಅಕ್ಕನಷ್ಟೇ ಅಲ್ಲ, ತಾನೂ ಅದನ್ನೇ ಅವಳದೆಂದು ನಂಬಿಬಿಡುವ ಕಾಲ ಬರುತ್ತದೆ ಎನ್ನಿಸಿತು.

“ಬಿಚ್ಚೋ ಗಂಗರಾಜು.”

“ಅಣ್ಣಾ?”

“ನೇಯ್ದಿದ್ದು ಬಿಚ್ಚು. ಸೆರಗಿಗೆ ಏನೂ ಬೇಡ. ಬರೀ ಬಣ್ಣ ಹಾಕು.”

ಸೀರೆ ಮಗ್ಗದಿಂದ ಇಳಿಯಿತು. ಒಡಲ ತುಂಬ ಪ್ರಮೀಳಾಳ ಸಣ್ಣ ಸಣ್ಣ ಬುಟ್ಟಾ, ಎರಡು ಕಡೆ ಅವಳ ಅಂಚು, ಸೆರಗು ಮಾತ್ರ ಬೋಳು. ಅದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗಕ್ಕೆ ಹೋದ.

ಅಕ್ಕ ಹಜಾರದಲ್ಲಿ ಕಾಲು ಚಾಚಿ ಕೂತಿದ್ದಳು. ಶಂಕರಯ್ಯನೂ ಅಲ್ಲೇ ಇದ್ದ. ಸೀರೆ ಕೈಗೆ ಬಂದ ಕೂಡಲೇ ಅಕ್ಕ ಮಡಿಕೆ ಬಿಚ್ಚುತ್ತಾ ಹೋದಳು. ಒಡಲು ಕಳೆದು ಸೆರಗು ಬಂತು. ಅಲ್ಲಿ ಏನೂ ಇಲ್ಲದ್ದು ಕಂಡು ತಿರುವಿ ಹಾಕಿದಳು. ಹಿಂದೆಯೂ ಏನೂ ಇರಲಿಲ್ಲ.

“ಎಲ್ಲೋ?”

ಆನಂದಕುಮಾರ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದ. ಕಾರ್ಡು, ಬ್ಯಾಟರಿ, ಆ ದಿನ ಬೇವಿನ ಮರದ ಕೆಳಗೆ ಬಂದ ಫೋನು. ತಾನು ಬರೆದು ಬಿಚ್ಚಿಸಿದ ಎಲೆಯನ್ನೂ ಬಿಡಲಿಲ್ಲ. ಶಂಕರಯ್ಯ ಕೇಳುತ್ತಾ ಕೇಳುತ್ತಾ ಎದ್ದು ನಿಂತುಬಿಟ್ಟ.

“ಪ್ರಮೀಳಾ ಬರೆದಿದ್ದು ಐತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಆನಂದ? ಒಂದೇ ಒಂದು ಮಾತು! ಸೂತಕ ಗೀತಕ ಎಲ್ಲಾ ಬದಿಗಿಟ್ಟು ನಾನೇ ಹಿಂದೂಪುರಕ್ಕೆ ಹೋಗಿ ಸ್ವಿಚ್ ಹಾಕ್ತಿದ್ನಲ್ಲಪ್ಪ. ಮಿಷನ್ ಅಂದೆ ನೀನು. ಮಿಷನ್ ಅಂದ್ರೆ ನಂಗೇನು ಗೊತ್ತಾಗ್ತದೆ?”

“ಜನ ಇದ್ರು ಭಾವ.”

“ಜನ!” ಎಂದು ಶಂಕರಯ್ಯ ಟವಲು ಕೊಡವಿ, ಮುಂದೆ ಮಾತಾಡಲಾರದೆ ಹೊರಗೆ ಹೋದ.

ಅಕ್ಕ ಬಯ್ಯುತ್ತಾಳೆ ಎಂದುಕೊಂಡಿದ್ದ. ಬಯ್ದಿದ್ದರೆ ಒಳ್ಳೆಯದಿತ್ತು. ಅವಳು ಬೋಳು ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು, ಬೆರಳಿನಿಂದ ಅದರ ಮೇಲೆ ಏನೋ ಗೆರೆ ಎಳೆಯುತ್ತಿದ್ದಳು. ಬಲಕ್ಕೆ ಹೋಗಿ ಒಂದು ಸುತ್ತು ಸುತ್ತಿ ಬರುತ್ತಿತ್ತು ಬೆರಳು. ಒಳಗೆ ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದರೂ ಏಳಲಿಲ್ಲ.

“ನೀನಾದ್ರೂ ಒಂದ್ಸಲ ಬಗ್ಗಿ ನೋಡ್ಲಿಲ್ವೇನೋ? ಒಂದೇ ಮನೇಲಿದ್ದು, ಪಕ್ಕದಲ್ಲೇ ಕೂತು?”

“ನೋಡ್ಬೇಡ ಅಂದಿದ್ಲು ಅಕ್ಕ. ನೋಡ್ಲಿಲ್ಲ.”

“ಅವಳು ಹೇಳಿದ್ದೆಲ್ಲಾ ಕೇಳೋನೇ ನೀನು, ಅದೇ ನಿನ್ನ ರೋಗ.” ಅವಳು ತಮ್ಮನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಸಾಕಿದ ಕೈ ಅದು, ಹಿಡಿತ ಇನ್ನೂ ಗಟ್ಟಿಯಾಗಿತ್ತು. “ಆನಂದಾ. ನೀನು ಸುಳ್ಳು ಎಲೆ ಹಾಕಿ ತರ್ಲಿಲ್ಲ, ಒಳ್ಳೇದು ಮಾಡ್ದೆ. ಆದ್ರೆ ನಂಗೋಸ್ಕರ ಒಂದು ಮಾತು ಹೇಳು. ನೋಡಿದ್ದೆ ಅನ್ನು. ಚೆನ್ನಾಗಿತ್ತು ಅನ್ನು. ಇನ್ನೇನೂ ಕೇಳಲ್ಲ ನಾನು.”

ಆನಂದಕುಮಾರ ಅಕ್ಕನ ಮುಖ ನೋಡಿದ. ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದಳು. ಅಂಗಳದಲ್ಲಿ ಶಂಕರಯ್ಯ ಕೊಡದಿಂದ ನೀರು ಮೊಗೆದು ಮುಖ ತೊಳೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

“ನೋಡಿದ್ದೆ ಅಕ್ಕ” ಎಂದ. ಬೋಳು ಸೆರಗಿನ ಅಂಚು ಸರಿಮಾಡಿದ. “ಚೆನ್ನಾಗಿತ್ತು.”

“ಬಳ್ಳಿ ಬಲಕ್ಕೆ ಹೋಗಿತ್ತಾ?”

“ಬಲಕ್ಕೇ ಹೋಗಿತ್ತು.”

ಬನಶಂಕರಮ್ಮ ಹೂಂ ಎಂದು ತಲೆಯಾಡಿಸಿ, ಸೆರಗು ಒಳಗೆ ಬರುವಂತೆ ಸೀರೆ ಮಡಿಸತೊಡಗಿದಳು.